ಒಂದು ಫೋನ್ ಕರೆಗೆ ನಿಲ್ಲುವ ಜಾಹೀರಾತು: ಸಣ್ಣ ಪತ್ರಿಕೆಯ ಮುಂದಿರುವ ದಾರಿಗಳು

ಪ್ರಶ್ನೆ: ವಿರಾಜಪೇಟೆ ತಾಲೂಕಿನಿಂದ ಎಂಟು ಪುಟದ ವಾರಪತ್ರಿಕೆ ತರುತ್ತಿದ್ದೇನೆ, ಆರು ವರ್ಷವಾಯಿತು. 1,800 ಪ್ರತಿ ಅಚ್ಚಾಗುತ್ತದೆ. ಜೊತೆಗೊಂದು ಯೂಟ್ಯೂಬ್ ಚಾನೆಲ್ ಇದೆ. ಜೂನ್ ಮಳೆಗೆ ಜರಿದ ತಡೆಗೋಡೆಯೊಂದರ ಬಿಲ್ಲಿನ ಬಗ್ಗೆ ಎರಡು ವಾರ ಬರೆದೆ. ಜುಲೈ ಮೊದಲ ವಾರದಿಂದ ಸ್ಥಳೀಯ ಸಂಸ್ಥೆಗಳ ಜಾಹೀರಾತು ನಿಂತಿತು. ಕೊಡವರ ಹಬ್ಬ ಕೈಲ್ ಪೊಳ್ದ್‌ನ ವಿಶೇಷಾಂಕಕ್ಕೆ ಪ್ರತಿ ವರ್ಷ ಬರುತ್ತಿದ್ದ ಮುಖಂಡರ ಶುಭಾಶಯಗಳೂ ಈ ಸಲ ಬರಲಿಲ್ಲ. ಗುತ್ತಿಗೆದಾರರ ಕಡೆಯಿಂದ ₹50 ಲಕ್ಷದ ಮಾನನಷ್ಟ ನೋಟಿಸ್ ಬಂದಿದೆ. ಈ ನಡುವೆ ಮುಖಂಡರೊಬ್ಬರ ಆಪ್ತರು ಬಂದು, ‘ಹಳೇದು ಬಿಡಿ, ತಿಂಗಳಿಗೆ ಇಪ್ಪತ್ತು ಸಾವಿರ, ನಾಲ್ಕು ಒಳ್ಳೆ ಸುದ್ದಿ ಹಾಕಿ’ ಎಂದು ಹೇಳಿ ಹೋದರು. ಜಾಹೀರಾತು ಹೀಗೆ ನಿಲ್ಲಿಸಲು ಕಾನೂನಿದೆಯೇ? ನೋಟಿಸಿಗೆ ಹೆದರಬೇಕೇ? ಎಲ್ಲರೂ ತೆಗೆದುಕೊಳ್ಳುವ ಪ್ಯಾಕೇಜನ್ನು ನಾನೊಬ್ಬ ಬಿಟ್ಟು ಏನು ಪ್ರಯೋಜನ? ‘ಇವೆಲ್ಲ ಪ್ರಜಾಪ್ರಭುತ್ವ ಗಟ್ಟಿಯಿಲ್ಲದ ದೇಶಗಳ ಕಥೆ, ನಮ್ಮಲ್ಲಿ ಹಾಗಿಲ್ಲ’ ಎನ್ನುತ್ತಾರೆ ನಮ್ಮ ಚಿಕ್ಕಪ್ಪ. ಹೌದೇ? ತಿಂಗಳ ಲೆಕ್ಕ ಮತ್ತು ಎರಡೂ ವರದಿಗಳ ಪ್ರತಿ ಜೊತೆಗಿಟ್ಟಿದ್ದೇನೆ.

ಓದುಗರು, ವಿರಾಜಪೇಟೆ ತಾಲೂಕು

ಉತ್ತರ: ನಾಲ್ಕು ಪ್ರಶ್ನೆ ಕೇಳಿದ್ದೀರಿ. ಆದರೆ ಪತ್ರದ ಬೆನ್ನಿಗೆ ಲಗತ್ತಿಸಿದ ಲೆಕ್ಕದ ಹಾಳೆಯೇ ನನಗೆ ಹೆಚ್ಚು ಹೇಳಿತು. ಅಲ್ಲಿಂದಲೇ ಶುರು ಮಾಡೋಣ.

ಜೂನ್ ತನಕ ನಿಮ್ಮ ತಿಂಗಳ ಆದಾಯ ₹72,000. ಪಂಚಾಯಿತಿ, ಇಲಾಖೆಗಳ ಜಾಹೀರಾತು 24,000. ಮುಖಂಡರ ಹುಟ್ಟುಹಬ್ಬ, ಹಬ್ಬದ ಶುಭಾಶಯ, ಅಭಿನಂದನೆ 15,000. ಶ್ರದ್ಧಾಂಜಲಿ, ಮರಣ ಪ್ರಕಟಣೆ, ಮದುವೆ, ನಾಮಕರಣ 14,000. ಅಂಗಡಿ, ಹೋಂಸ್ಟೇ, ಗೊಬ್ಬರದವರು 12,000. ಚಂದಾ 7,000. ಖರ್ಚಿನಲ್ಲಿ ಮೈಸೂರಿನ ಮುದ್ರಣಾಲಯಕ್ಕೆ ವಾರಕ್ಕೆ 11,000ದಂತೆ 44,000, ಪುಟ ಕಟ್ಟುವ ಹುಡುಗನಿಗೆ 14,000, ಅಂಚೆ ಮತ್ತು ಪೆಟ್ರೋಲಿಗೆ 6,000. ಉಳಿಯುತ್ತಿದ್ದದ್ದು 8,000.

ಮೊದಲಿನ ಎರಡು ಸಾಲು ಕೂಡಿಸಿ: 39,000. ನೂರಕ್ಕೆ 54. ಹಾಳೆಯಲ್ಲಿ ಅವು ಬೇರೆ ಬೇರೆ ಸಾಲು, ಊರಿನಲ್ಲಿ ಒಂದೇ ಕೈ. ಪಂಚಾಯಿತಿಯ ಟೆಂಡರ್ ಪ್ರಕಟಣೆ ಕೊಡಿಸುವವರೂ, ಮುಖಂಡರ ಹುಟ್ಟುಹಬ್ಬಕ್ಕೆ ಅರ್ಧ ಪುಟ ಹಾಕಿಸುವವರೂ ಸಂಜೆ ಒಂದೇ ಮನೆಯ ಜಗಲಿಯಲ್ಲಿ ಕೂರುವವರು. ಜುಲೈನಲ್ಲಿ ಎರಡು ಕಡೆಯಿಂದ ಏಟು ಬಿತ್ತು ಅಂದುಕೊಂಡಿದ್ದೀರಿ. ಬಿದ್ದದ್ದು ಒಂದೇ ಏಟು. ಈಗ ಬರುತ್ತಿರುವ 33,000ದಲ್ಲಿ ಅಚ್ಚಿನ ಬಿಲ್ಲೂ ತೀರುವುದಿಲ್ಲ. ನಿಮ್ಮ ವರದಿ ಸರಿಯೋ ತಪ್ಪೋ ಎನ್ನುವುದಕ್ಕೆ ಮೊದಲೇ ನಿಮ್ಮ ಪತ್ರಿಕೆ ಆ ಕೈಗೆ ಸಿಗುವಂತಿತ್ತು.

ಚಿಕ್ಕಪ್ಪನ ಮಾತಿಗೂ ಇದೇ ಲೆಕ್ಕದಿಂದ ಉತ್ತರ ಕೊಡಬಹುದು. ಗಟ್ಟಿಯಿಲ್ಲದ ಪ್ರಜಾಪ್ರಭುತ್ವ ಎಂದರೆ ಪತ್ರಿಕಾ ಕಚೇರಿಗೆ ಸೈನಿಕರು ನುಗ್ಗುವ ಚಿತ್ರ ಅವರ ಕಣ್ಣ ಮುಂದಿರಬಹುದು. ಅಂಥದ್ದೂ ಆಗಿದೆ. ನೇಪಾಳದಲ್ಲಿ 2005ರ ಫೆಬ್ರುವರಿ 1ರಂದು ದೊರೆ ಅಧಿಕಾರ ಕೈಗೆ ತೆಗೆದುಕೊಂಡಾಗ ಸುದ್ದಿಮನೆಗಳಿಗೆ ಸೈನಿಕರು ಬಂದರು, ಎಫ್‌ಎಂ ರೇಡಿಯೋಗಳು ಸುದ್ದಿ ಓದದಂತೆ ನಿಷೇಧ ಬಿತ್ತು. ನಮ್ಮಲ್ಲೂ 1975ರ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳ ಕರೆಂಟ್ ತೆಗೆದಿದ್ದರು. ಆದರೆ ಅದು ಹಳೆಯ ವಿದ್ಯೆ. ಅದರಲ್ಲಿ ಸೆನ್ಸಾರ್ ಮಾಡುವವನು ಯಾರೆಂದು ಗೊತ್ತಾಗುತ್ತದೆ, ಸಂಪಾದಕೀಯದ ಜಾಗ ಖಾಲಿ ಬಿಟ್ಟು ಓದುಗನಿಗೆ ಅದನ್ನು ತಿಳಿಸಲೂ ಬಹುದು. ಜಾಹೀರಾತು ನಿಂತರೆ ಏನು ಖಾಲಿ ಬಿಡುತ್ತೀರಿ? ಕಡತದಲ್ಲಿ ಒಂದು ಸಾಲೂ ಇರುವುದಿಲ್ಲ. ಕೇಳಿದರೆ ‘ಈ ಸಲ ಅನುದಾನ ಇಲ್ಲ’ ಅನ್ನುತ್ತಾರೆ.

ಹಂಗೇರಿಯಲ್ಲಿ 2010ರ ನಂತರ ನಡೆದದ್ದು ಈ ಹೊಸ ವಿದ್ಯೆ. ಸಂಪಾದಕರನ್ನು ಜೈಲಿಗೆ ಹಾಕಲಿಲ್ಲ. ಸರ್ಕಾರಿ ಜಾಹೀರಾತು ಆಪ್ತರ ಪತ್ರಿಕೆಗಳ ಕಡೆ ಹರಿಯಿತು, ಉಳಿದವು ಸೊರಗಿದ ಮೇಲೆ ಆಪ್ತ ಉದ್ಯಮಿಗಳು ಅವನ್ನು ಕೊಂಡರು. 2016ರ ಅಕ್ಟೋಬರ್‌ನಲ್ಲಿ ಅಲ್ಲಿನ ದೊಡ್ಡ ವಿರೋಧಿ ದಿನಪತ್ರಿಕೆ ರಾತ್ರೋರಾತ್ರಿ ಮುಚ್ಚಿತು, ಮಾಲೀಕರು ಕೊಟ್ಟ ಕಾರಣ ನಷ್ಟ. ಮುಂದಿನ ವರ್ಷದ ಹೊತ್ತಿಗೆ ಪ್ರಾದೇಶಿಕ ದಿನಪತ್ರಿಕೆಗಳೆಲ್ಲ ಸರ್ಕಾರದ ಸ್ನೇಹಿತರ ಕೈಯಲ್ಲಿದ್ದವು. 2018ರ ಕೊನೆಗೆ 400ಕ್ಕೂ ಹೆಚ್ಚು ಪತ್ರಿಕೆ, ರೇಡಿಯೋ, ಜಾಲತಾಣಗಳನ್ನು ಅವುಗಳ ಮಾಲೀಕರು ಒಂದೇ ಪ್ರತಿಷ್ಠಾನಕ್ಕೆ ‘ದಾನ’ ಕೊಟ್ಟರು.

ಪೆರು ದೇಶದ ಉದಾಹರಣೆ ನಿಮಗೆ ಇನ್ನೂ ಹತ್ತಿರ. ಅಧ್ಯಕ್ಷ ಫುಜಿಮೋರಿ ಕಾಲದಲ್ಲಿ ಬೇಹುಗಾರಿಕೆಯನ್ನು ಕೈಯಲ್ಲಿಟ್ಟುಕೊಂಡಿದ್ದ ಮೊಂಟೆಸಿನೋಸ್ ನ್ಯಾಯಾಧೀಶರಿಗೂ ಸಂಸದರಿಗೂ ಟಿವಿ ಮಾಲೀಕರಿಗೂ ಹಣ ಹಂಚುತ್ತಿದ್ದ. ಕೊಟ್ಟದ್ದಕ್ಕೆ ರುಜು ಹಾಕಿಸಿಕೊಳ್ಳುತ್ತಿದ್ದ, ವಿಡಿಯೋ ಮಾಡಿಸುತ್ತಿದ್ದ. ಆ ದಾಖಲೆಗಳು ಹೊರಬಂದಾಗ ಒಂದು ಸಂಗತಿ ಎದ್ದು ಕಂಡಿತು. ನ್ಯಾಯಾಧೀಶರ, ಸಂಸದರ ದರಕ್ಕಿಂತ ಟಿವಿ ಮಾಲೀಕರ ದರ ಎಷ್ಟೋ ಪಟ್ಟು ಹೆಚ್ಚಿತ್ತು. ಒಂದು ಚಾನೆಲಿಗೆ ತಿಂಗಳಿಗೆ 15 ಲಕ್ಷ ಡಾಲರ್. ನ್ಯಾಯಾಧೀಶ ಒಂದು ಕೇಸು ಕೆಡಿಸಬಲ್ಲ, ಚಾನೆಲ್ ಎಲ್ಲ ಕೇಸುಗಳನ್ನೂ ಹೊರಗೆಡವಬಲ್ಲದು ಎನ್ನುವ ಲೆಕ್ಕ ಅವನದು. ಅವನು ಕೊಳ್ಳದೆ ಬಿಟ್ಟದ್ದು ಕೆನಾಲ್ ಎನ್ ಎಂಬ ಸಣ್ಣ ಕೇಬಲ್ ಚಾನೆಲ್. ನೋಡುಗರು ಚಂದಾ ಕಟ್ಟಿ ನಡೆಸುತ್ತಿದ್ದ ಚಾನೆಲ್ ಅದು. 2000ದ ಸೆಪ್ಟೆಂಬರ್ 14ರಂದು ಲಂಚದ ವಿಡಿಯೋ ಅಲ್ಲಿ ಬಿತ್ತರವಾಯಿತು, ನವೆಂಬರ್‌ನಲ್ಲಿ ಸರ್ಕಾರ ಬಿತ್ತು. ನಿಮ್ಮ ಹಾಳೆಯ ಕೊನೆಯ ಸಾಲಿನಲ್ಲಿರುವ 7,000ದ ಚಂದಾ ಹಣವನ್ನು ಇದಕ್ಕಾಗಿಯೇ ಎರಡು ಸಲ ನೋಡಿದೆ.

ಹಾಗೆಂದು ನಮ್ಮದು ಹಂಗೇರಿ, ಪೆರು ಆಗಿಬಿಟ್ಟಿದೆ ಎಂದು ನಾನು ಹೇಳುತ್ತಿಲ್ಲ. ನ್ಯಾಯಾಲಯಗಳಿವೆ, ಮಾಹಿತಿ ಹಕ್ಕು ಇದೆ, ಸರ್ಕಾರಗಳು ಚುನಾವಣೆಯಲ್ಲಿ ಸೋಲುತ್ತವೆ. ಆದರೆ ದೇಶ ದೊಡ್ಡದಿದ್ದಷ್ಟಕ್ಕೆ ಪ್ರಜಾಪ್ರಭುತ್ವ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ವಿಧಾನಸಭಾ ಕ್ಷೇತ್ರ ಎರಡು. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲೂಕು ಪಂಚಾಯಿತಿಗಳು ವರ್ಷಗಟ್ಟಲೆ ಚುನಾವಣೆ ಕಾಣದೆ ಆಡಳಿತಾಧಿಕಾರಿಗಳ ಕೈಯಲ್ಲಿದ್ದವು, ಅಂದರೆ ಪ್ರಶ್ನೆ ಕೇಳುವ ಸದಸ್ಯರೇ ಇರಲಿಲ್ಲ. 2018ರ ಭೂಕುಸಿತದ ನಂತರ ರಸ್ತೆ, ತಡೆಗೋಡೆ, ಪುನರ್ವಸತಿ ಎಂದು ಜಿಲ್ಲೆಗೆ ಬಂದ ಕಾಮಗಾರಿಗಳು ಕಡಿಮೆಯಲ್ಲ. ಕಾಮಗಾರಿ ಜಾಸ್ತಿ, ಕೇಳುವವರು ಕಡಿಮೆ, ಪತ್ರಿಕೆಗೆ ಜಾಹೀರಾತು ಕೊಡುವವರು ಬೆರಳೆಣಿಕೆ. ದೆಹಲಿಯಲ್ಲಿ ಏನೇ ಇರಲಿ, ಈ ಮೂರು ಕೂಡಿದ ಕಡೆ ಪತ್ರಿಕೆ ಬಗ್ಗುತ್ತದೆ.

ಜಾಹೀರಾತು ನಿಲ್ಲಿಸಿದ್ದು ಸರಿಯೇ?

ಇಲ್ಲಿ ಎರಡು ತಪ್ಪು ನಂಬಿಕೆ ಓಡಾಡುತ್ತಿವೆ. ಸರ್ಕಾರಿ ಜಾಹೀರಾತು ಪತ್ರಿಕೆಯ ಹಕ್ಕು ಎನ್ನುವುದು ಒಂದು. ಕೊಡುವುದು ಬಿಡುವುದು ಅವರ ಇಷ್ಟ ಎನ್ನುವುದು ಇನ್ನೊಂದು. ಎರಡೂ ಅಲ್ಲ. ‘ನನಗೆ ಜಾಹೀರಾತು ಕೊಡಲೇಬೇಕು’ ಎಂದು ಯಾವ ಪತ್ರಿಕೆಯೂ ಕೇಳುವಂತಿಲ್ಲ. ಆದರೆ ಜನರ ದುಡ್ಡನ್ನು ಬಹುಮಾನವಾಗಿ, ಶಿಕ್ಷೆಯಾಗಿ ಹಂಚುವಂತಿಲ್ಲ. ಸುಪ್ರೀಂ ಕೋರ್ಟ್ 2015ರ ಮೇ 13ರ ತೀರ್ಪಿನಲ್ಲಿ ನಿರ್ದಿಷ್ಟ ಮಾಧ್ಯಮ ಸಂಸ್ಥೆಗಳನ್ನು ಪೋಷಿಸುವುದನ್ನು ತಪ್ಪಿಸಬೇಕು, ಪ್ರಸಾರ ಸಂಖ್ಯೆಯ ವರ್ಗೀಕರಣಕ್ಕೆ ಒಳಪಟ್ಟು ಸಮಾನವಾಗಿ ಕೊಡಬೇಕು ಎಂದಿದೆ. ಜಾಹೀರಾತಿನಲ್ಲಿ ಯಾರ ಫೋಟೋ ಹಾಕಬಹುದು ಎಂಬುದರ ಬಗ್ಗೆ ಊರೆಲ್ಲ ಚರ್ಚೆಯಾಯಿತಲ್ಲ, ಅದೇ ತೀರ್ಪು. ಫೋಟೋದ ಗಲಾಟೆಯಲ್ಲಿ ಈ ಭಾಗ ಯಾರ ಕಣ್ಣಿಗೂ ಬೀಳಲಿಲ್ಲ.

ಆದರೆ ನಿಂತದ್ದೆಲ್ಲ ಸೇಡೇ ಎಂದು ಹೊರಡಬೇಡಿ. ಟೆಂಡರುಗಳು ಆನ್‌ಲೈನ್ ಪೋರ್ಟಲಿಗೆ ಹೋದ ಮೇಲೆ ಸಣ್ಣ ಟೆಂಡರ್ ಪ್ರಕಟಣೆಗಳು ಎಲ್ಲ ಪತ್ರಿಕೆಗಳಿಗೂ ಕಡಿಮೆಯಾಗಿವೆ. ನಿಮಗೆ ಮಾತ್ರ ನಿಂತಿತೋ, ಎಲ್ಲರಿಗೂ ನಿಂತಿತೋ ಎನ್ನುವುದೇ ಪ್ರಶ್ನೆ. ಅದನ್ನು ತಿಳಿಯಲು ₹10 ಸಾಕು. ನಮ್ಮ ರಾಜ್ಯದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಆದ್ದರಿಂದ ತಡೆಗೋಡೆಯ ಅರ್ಜಿ ಬೇರೆ, ಜಾಹೀರಾತಿನ ಅರ್ಜಿ ಬೇರೆ. ಎರಡನೆಯದನ್ನು ಹೀಗೆ ಬರೆಯಿರಿ: ‘ಕಳೆದ ವರ್ಷದ ಜುಲೈ 1ರಿಂದ ಇಂದಿನವರೆಗೆ ತಮ್ಮ ಕಚೇರಿಯಿಂದ ಪತ್ರಿಕೆಗಳಿಗೆ ನೀಡಿದ ಪ್ರತಿ ಜಾಹೀರಾತಿನ ದಿನಾಂಕ, ಪತ್ರಿಕೆಯ ಹೆಸರು, ಅಳತೆ, ಪಾವತಿಸಿದ ಮೊತ್ತ ಮತ್ತು ಬಿಡುಗಡೆ ಆದೇಶದ ದೃಢೀಕೃತ ಪ್ರತಿ ಒದಗಿಸಿ.’ ‘ಏಕೆ ನಿಲ್ಲಿಸಿದಿರಿ’ ಎಂದು ಮಾತ್ರ ಕೇಳಬೇಡಿ. ಕಾರಣ ಕೇಳಿದರೆ ‘ಅದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ’ ಎಂದು ಹಿಂಬರಹ ಬರುತ್ತದೆ. ಅಂಕಿ ಕೇಳಿದರೆ ಕಾರಣ ತಾನೇ ಕಾಣುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗದಲ್ಲಿ ಕಾಯುವುದು ಬಹಳ, ಅದನ್ನು ನಂಬಿ ಕೂರಬೇಡಿ.

ಅಂಕಿ ಕೈಗೆ ಬಂದು, ಜೂನ್ ನಂತರ ನಿಮ್ಮ ಸಾಲು ಮಾತ್ರ ಖಾಲಿ ಇದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ವರದಿಗೆ ಪ್ರತೀಕಾರವಾಗಿ ಜಾಹೀರಾತು ನಿಲ್ಲಿಸಿದ ದೂರುಗಳನ್ನು ಮಂಡಳಿ ವಿಚಾರಿಸುತ್ತದೆ. ಅಧಿಕಾರಿಗಳ ವಿರುದ್ಧದ ದೂರಿಗೆ ನಾಲ್ಕು ತಿಂಗಳ ಗಡುವಿದೆ. ವರದಿಗಳ ಪ್ರತಿ, ಅಧಿಕಾರಿಗೆ ನೀವು ಬರೆದ ಪತ್ರ, ವಿಷಯ ಯಾವ ನ್ಯಾಯಾಲಯದಲ್ಲೂ ಬಾಕಿ ಇಲ್ಲ ಎಂಬ ಘೋಷಣೆ ಜೊತೆಗಿರಬೇಕು. ಎಡವುವುದು ಈ ಕೊನೆಯದರಲ್ಲಿ. ಮೊದಲೇ ಹೈಕೋರ್ಟಿಗೆ ರಿಟ್ ಹಾಕಿದವರಿಗೆ ಮಂಡಳಿಯ ಬಾಗಿಲು ಮುಚ್ಚುತ್ತದೆ. ಮಂಡಳಿಗೆ ದಂಡ ಹಾಕುವ ಅಧಿಕಾರ ಇಲ್ಲ, ಛೀಮಾರಿ ಹಾಕಬಲ್ಲದು ಅಷ್ಟೆ. ನಿಮ್ಮ ದುಡ್ಡು ವಾಪಸ್ ಬಾರದು. ಆದರೆ ಅಧಿಕಾರಿಯೊಬ್ಬರು ಮಂಡಳಿಗೆ ಲಿಖಿತ ಉತ್ತರ ಕೊಡಬೇಕಾಗಿ ಬಂತು ಎನ್ನುವುದಕ್ಕೇ ಜಿಲ್ಲಾ ಮಟ್ಟದಲ್ಲಿ ಬೆಲೆ ಇದೆ. ಮಂಡಳಿಯ ವ್ಯಾಪ್ತಿಗೆ ಮುದ್ರಿತ ಪತ್ರಿಕೆ ಬರುತ್ತದೆ, ನಿಮ್ಮ ಯೂಟ್ಯೂಬ್ ಚಾನೆಲ್ ಬರುವುದಿಲ್ಲ.

ಇವೆಲ್ಲಕ್ಕೆ ಮುಂಚೆ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಪತ್ರಿಕಾ ನೋಂದಣಾಧಿಕಾರಿಗೆ ಸಲ್ಲಿಸುವ ವಾರ್ಷಿಕ ವಿವರಣೆಯಲ್ಲಿ ಪ್ರಸಾರ ಸಂಖ್ಯೆ ಎಷ್ಟು ತೋರಿಸಿದ್ದೀರಿ? 1,800 ಅಚ್ಚು ಹಾಕಿ ಹತ್ತೋ ಇಪ್ಪತ್ತೋ ಸಾವಿರ ಬರೆಯುವ ಅಭ್ಯಾಸ ಸಣ್ಣ ಪತ್ರಿಕೆಗಳಲ್ಲಿ ಹೊಸದಲ್ಲ. ಕೇಂದ್ರದ ಜಾಹೀರಾತಿಗೆ 25,000 ಪ್ರತಿಗಳ ತನಕ ಲೆಕ್ಕಪರಿಶೋಧಕರ ಪ್ರಮಾಣಪತ್ರ ಸಾಕಾಗುವುದರಿಂದ ಆ ಗೆರೆಯ ಕೆಳಗೆ ಜನಜಂಗುಳಿ. ನಾಲ್ಕು ಕಾಸು ಹೆಚ್ಚಿಗೆ ಸಿಗುತ್ತದೆ ಎಂದು ಬರೆದ ಆ ಸಂಖ್ಯೆಯೇ ಮುಂದೆ ಮೂಗುದಾರವಾಗುತ್ತದೆ. 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಪತ್ರಿಕಾ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆಯಲ್ಲಿ ಸುಳ್ಳು ವಿವರ ಕೊಟ್ಟರೆ ನೋಂದಣಿ ಅಮಾನತು ಮಾಡಬಹುದು. ನಿಮ್ಮ ಮುದ್ರಣಾಲಯದ ಬಿಲ್ಲು, ಕಾಗದದ ಲೆಕ್ಕ ತೆಗೆಸಿದರೆ ಹತ್ತು ನಿಮಿಷದ ಕೆಲಸ. ಯಾರೂ ತೆಗೆಸುವುದಿಲ್ಲ, ನೀವು ತಡೆಗೋಡೆಯ ಬಗ್ಗೆ ಬರೆಯುವ ತನಕ. ಸಂಖ್ಯೆ ಉಬ್ಬಿಸಿದ್ದರೆ ಮುಂದಿನ ವಿವರಣೆಯಲ್ಲಿ ನಿಜ ಬರೆಯಿರಿ. ಜಾಹೀರಾತಿನ ದರ ಇಳಿದರೂ ಪರವಾಗಿಲ್ಲ. ಉಬ್ಬಿಸಿಲ್ಲದಿದ್ದರೆ ನೀವು ಅಂದುಕೊಂಡದ್ದಕ್ಕಿಂತ ಗಟ್ಟಿ ನೆಲದ ಮೇಲಿದ್ದೀರಿ.

ನೋಟಿಸ್

ವಕೀಲರ ನೋಟಿಸ್ ಕೇಸಲ್ಲ. ₹50 ಲಕ್ಷ ಎನ್ನುವುದು ಕಾಗದದ ಮೇಲಿನ ಸಂಖ್ಯೆ. ನಿಜವಾಗಿ ದಾವೆ ಹೂಡಬೇಕಾದರೆ ಕೇಳಿದ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಮೊದಲೇ ಕಟ್ಟಬೇಕು. ಇಂಥ ನೋಟಿಸುಗಳಲ್ಲಿ ಎಷ್ಟೋ ಅಲ್ಲೇ ಉಳಿಯುವುದು ಅದಕ್ಕೇ. ಸಿವಿಲ್ ದಾವೆಗೆ ಪ್ರಕಟವಾದ ದಿನದಿಂದ ಒಂದು ವರ್ಷ ಕಾಲಾವಕಾಶ ಇದೆ. ಆದ್ದರಿಂದ ಮುಂದಿನ ಜೂನ್ ಕಳೆಯುವ ತನಕ ಒಂದು ಹಾಳೆಯನ್ನೂ ಎಸೆಯಬೇಡಿ, ವಿಡಿಯೋ ಅಳಿಸಬೇಡಿ, ಫೋನ್ ಬದಲಾಯಿಸುವುದಿದ್ದರೆ ಹಳೆಯದನ್ನು ಹಾಗೇ ತೆಗೆದಿಡಿ.

ನಿಮ್ಮ ಎರಡು ವರದಿ ಓದಿದೆ. ಎರಡನೇ ವಾರದ್ದು ಚೆನ್ನಾಗಿದೆ: ಬಿಲ್ಲಿನಲ್ಲಿ 42 ಮೀಟರ್ ಇದೆ, ಸ್ಥಳದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಎದುರು ಟೇಪ್ ಹಿಡಿದಾಗ 31 ಮೀಟರ್, ನೀರು ಬಸಿಯುವ ಕೊಳವೆ ಒಂದೂ ಇಲ್ಲ, ಫೋಟೋ ಇದೆ. ಮೊದಲ ವಾರದ್ದು ಹಾಗಲ್ಲ. ಶೀರ್ಷಿಕೆ ‘ತಡೆಗೋಡೆ ಹೆಸರಲ್ಲಿ ಲೂಟಿ’. ನೋಟಿಸಿನ ಆರು ಪುಟವೂ ನಿಂತಿರುವುದು ಆ ‘ಲೂಟಿ’ ಎಂಬ ಒಂದು ಪದದ ಮೇಲೆ. 42 ಮತ್ತು 31ರ ಬಗ್ಗೆ ಅವರು ತುಟಿ ಬಿಚ್ಚಿಲ್ಲ. ಅಂಕಿ ಇದ್ದ ಕಡೆ ವಿಶೇಷಣ ಬೇಕಿರಲಿಲ್ಲ. 11 ಮೀಟರ್ ಎಲ್ಲಿಗೆ ಹೋಯಿತು ಎಂದು ಓದುಗ ತಾನೇ ಕೇಳಿಕೊಳ್ಳುತ್ತಿದ್ದ.

ಕಾನೂನಿನ ಒಂದು ಸೂಕ್ಷ್ಮ ಗೊತ್ತಿರಲಿ. ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಮಾನನಷ್ಟ ಪರಿಹಾರ ಕೇಳುವಂತಿಲ್ಲ, ಅಧಿಕಾರಿ ತನ್ನ ಕರ್ತವ್ಯದ ಬಗೆಗಿನ ಬರಹಕ್ಕೆ ಪರಿಹಾರ ಕೇಳಬೇಕಾದರೆ ಸತ್ಯದ ಬಗ್ಗೆ ಪರಿವೆಯೇ ಇಲ್ಲದೆ ಬರೆದಿದ್ದಾರೆ ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಹೇಳಿದೆ. ಆದರೆ ಗುತ್ತಿಗೆದಾರ ಖಾಸಗಿ ವ್ಯಕ್ತಿ, ಆ ಆಸರೆ ನಿಮಗೆ ಇಲ್ಲಿ ಪೂರ್ತಿ ಸಿಗದು. ಆದ್ದರಿಂದ ಅಳತೆ ಪುಸ್ತಕ, ಅಂದಾಜು ಪಟ್ಟಿ, ಅಂತಿಮ ಬಿಲ್ಲು, ಗುಣಮಟ್ಟದ ಪ್ರಮಾಣಪತ್ರ, ಇವುಗಳ ದೃಢೀಕೃತ ಪ್ರತಿಗಳೇ ನಿಮ್ಮ ಆಸ್ತಿ. ಈಗ ನಿಮ್ಮ ಬಳಿ ಇರುವುದು ಯಾರೋ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಫೋಟೋ. ಅದು ಸುದ್ದಿಯ ಸುಳಿವಿಗೆ ಸಾಕು, ಸಾಕ್ಷ್ಯಕ್ಕೆ ಸಾಲದು.

ವಕೀಲರ ಮೂಲಕ ಚಿಕ್ಕ ಉತ್ತರ ಕೊಡಿ: ಯಾವ ವಾಕ್ಯ ಸುಳ್ಳು, ಸರಿಯಾದ ಅಳತೆ ಎಷ್ಟು, ದಾಖಲೆ ಕಳಿಸಿದರೆ ಅದೇ ಪುಟದಲ್ಲಿ ಪ್ರಕಟಿಸುತ್ತೇವೆ. ವೀರಾವೇಶ ಬೇಡ. ಅದೇ ಅಳತೆಯ ಸ್ಪಷ್ಟನೆಯ ಜಾಗ ಅವರಿಗೆ ಕೊಡಲು ಸಿದ್ಧರಿದ್ದಿರಿ ಎನ್ನುವುದು ಮುಂದೆ ನ್ಯಾಯಾಲಯದಲ್ಲಿ ನಿಮ್ಮ ಸದುದ್ದೇಶಕ್ಕೆ ಸಾಕ್ಷಿ. ‘ಲೂಟಿ’ ಪದಕ್ಕೆ ವಿಷಾದ ಹೇಳಬೇಕೇ ಬೇಡವೇ ಎನ್ನುವುದನ್ನು ವಕೀಲರು ದಾಖಲೆ ನೋಡಿದ ಮೇಲೆ ತೀರ್ಮಾನಿಸಲಿ.

ಪರಿಹಾರದ ದಾವೆಗಿಂತ ನನಗೆ ಹೆಚ್ಚು ಹೆದರಿಕೆ ಏಕಪಕ್ಷೀಯ ತಡೆಯಾಜ್ಞೆಯದು. ನಿಮ್ಮ ಮಾತು ಕೇಳದೆಯೇ ‘ಇವರ ಬಗ್ಗೆ ಬರೆಯಬಾರದು’ ಎಂದು ಆದೇಶ ತಂದುಬಿಡುತ್ತಾರೆ. 2021ರ ಮಾರ್ಚ್‌ನಲ್ಲಿ ರಾಜ್ಯದ ಆರು ಸಚಿವರು ಹತ್ತಾರು ಮಾಧ್ಯಮಗಳ ವಿರುದ್ಧ ಬೆಂಗಳೂರಿನಲ್ಲಿ ಹೀಗೆ ಆದೇಶ ಪಡೆದಿದ್ದರು. ವಿಚಾರಣೆಗೆ ಮೊದಲೇ ಲೇಖನ ತಡೆಯುವ ಆದೇಶ ಅಪರೂಪಕ್ಕೆ ಮಾತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಕೆಳ ನ್ಯಾಯಾಲಯಗಳಿಗೆ ಹೇಳಿದೆ. ಹೇಳಿದ ಮಾತ್ರಕ್ಕೆ ನಿಂತಿಲ್ಲ. ಇದಕ್ಕೆ ಮದ್ದು ಕೇವಿಯಟ್: ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಲ್ಲಿ ‘ನನ್ನನ್ನು ಕೇಳದೆ ಆದೇಶ ಮಾಡಬೇಡಿ’ ಎಂಬ ಅರ್ಜಿ. ವಿರಾಜಪೇಟೆ, ಮಡಿಕೇರಿ ಎರಡೇ ಸಾಲದು, ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲೂ ಹಾಕಿ. ನಿಮ್ಮ ವಿಡಿಯೋ ಬೆಂಗಳೂರಿನಲ್ಲೂ ಕಾಣುತ್ತದೆ, ದಾವೆ ಅಲ್ಲೇ ಬೀಳುವ ಸಾಧ್ಯತೆ ಹೆಚ್ಚು. ನೋಂದಾಯಿತ ಅಂಚೆಯಲ್ಲಿ ಎದುರಾಳಿಗೆ ಪ್ರತಿ ಹೋಗಬೇಕು. 90 ದಿನಕ್ಕೆ ಅದರ ಆಯಸ್ಸು ಮುಗಿಯುತ್ತದೆ. 91ನೇ ದಿನ ಆದೇಶ ತಂದವರಿದ್ದಾರೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನವೀಕರಿಸಿ.

ಕ್ರಿಮಿನಲ್ ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಎರಡು ವರ್ಷದ ತನಕ ಸಾದಾ ಸಜೆ, ಅಥವಾ ದಂಡ, ಅಥವಾ ಸಮುದಾಯ ಸೇವೆ. ಇದರಲ್ಲಿ ಸತ್ಯ ಎಂದಷ್ಟೇ ತೋರಿಸಿದರೆ ಸಾಲದು, ಸಾರ್ವಜನಿಕ ಹಿತಕ್ಕಾಗಿ ಬರೆದದ್ದೆಂದೂ ತೋರಿಸಬೇಕು. ಪೊಲೀಸರು ಇದಕ್ಕೆ ಎಫ್‌ಐಆರ್ ಹಾಕುವಂತಿಲ್ಲ, ಖಾಸಗಿ ದೂರೇ ಆಗಬೇಕು. 2024ರ ಜುಲೈ 1ರಿಂದ ಮ್ಯಾಜಿಸ್ಟ್ರೇಟರು ಸಂಜ್ಞಾನ ತೆಗೆದುಕೊಳ್ಳುವ, ಅಂದರೆ ದೂರನ್ನು ವಿಚಾರಣೆಗೆ ಅಂಗೀಕರಿಸುವ ಮುಂಚೆ ಆರೋಪಿಯ ಮಾತು ಕೇಳಬೇಕು. ಹೀಗಾಗಿ ‘ಸ್ಟೇಷನ್‌ಗೆ ಬಂದು ಹೋಗಿ’ ಎಂದು ಫೋನ್ ಬಂದರೆ, ಲಿಖಿತ ನೋಟಿಸ್ ಕೊಡಿ ಎಂದು ವಿನಯದಿಂದ ಕೇಳಿ.

ಪೊಲೀಸರ ದಾರಿ ತೆರೆಯುವುದು ಬೇರೆ ಕಲಮಿನಿಂದ, ಅದು ಸುಲಿಗೆಯ 308. ‘ಜಾಹೀರಾತು ಕೊಡದಿದ್ದರೆ ಬರೆಯುತ್ತೇನೆ ಎಂದು ಬೆದರಿಸಿದ’ ಎಂದು ಒಬ್ಬರು ದೂರು ಕೊಟ್ಟರೆ ಸಾಕು. ಸಣ್ಣ ಪತ್ರಿಕೆಯಲ್ಲಿ ಸುದ್ದಿ ಬರೆಯುವವರೂ ಜಾಹೀರಾತು ಕೇಳುವವರೂ ಒಬ್ಬರೇ ಆಗಿರುವುದರಿಂದ ಈ ಆರೋಪ ನಂಬುವಂತೆಯೂ ಇರುತ್ತದೆ. ನಿಜವಾಗಿ ಹಾಗೆ ಮಾಡುವವರು ನಮ್ಮ ನಡುವೆ ಇದ್ದಾರೆ, ಅವರಿಂದಲೇ ನಿಮ್ಮಂಥವರಿಗೆ ಕಷ್ಟ. ಯಾರ ಬಗ್ಗೆ ಸುದ್ದಿ ಕೈಯಲ್ಲಿದೆಯೋ ಅವರ ಹತ್ತಿರ ಆರು ತಿಂಗಳು ಜಾಹೀರಾತಿನ ಮಾತೇ ಬೇಡ. ಜಾಹೀರಾತಿಗೆ ಮನೆಯವರನ್ನೋ ಬೇರೊಬ್ಬರನ್ನೋ ಇಡಿ. ಆರ್ಡರ್ ಫಾರಂ, ಬಿಲ್ಲು, ಬ್ಯಾಂಕ್ ಖಾತೆ ಇವು ಮೂರಿಲ್ಲದೆ ಒಂದು ರೂಪಾಯಿ ಮುಟ್ಟಬೇಡಿ.

ಶಾಸಕರ ಬಗ್ಗೆ ಬರೆಯುವಾಗ ಇನ್ನೊಂದು ಅಪಾಯ ಹಕ್ಕುಚ್ಯುತಿ, ಅಂದರೆ ಸದನದ, ಸದಸ್ಯರ ವಿಶೇಷ ಹಕ್ಕಿಗೆ ಧಕ್ಕೆ ತಂದರೆಂಬ ಆರೋಪ. 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆ ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷ ಜೈಲು, ₹10,000 ದಂಡ ವಿಧಿಸಿತ್ತು. ಯೂಟ್ಯೂಬಿನಲ್ಲಿ ಬರುವುದು ಕಾಪಿರೈಟ್ ಸ್ಟ್ರೈಕ್. ಪತ್ರಿಕಾಗೋಷ್ಠಿಯ ತುಣುಕು ನಮ್ಮದು ಎಂದು ದೂರು ಹಾಕುತ್ತಾರೆ, 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ ಹೋಗುತ್ತದೆ. ನಿಮ್ಮದೇ ಕ್ಯಾಮೆರಾದ ಮೂಲ ಕಡತ ಹಾರ್ಡ್‌ಡಿಸ್ಕಿನಲ್ಲಿಡಿ, ಪ್ರತಿ ಸ್ಟ್ರೈಕಿಗೂ ಪ್ರತಿ-ಅರ್ಜಿ ಹಾಕಿ.

ಪ್ಯಾಕೇಜ್

‘ಎಲ್ಲರೂ ತೆಗೆದುಕೊಳ್ಳುತ್ತಾರೆ’ ಎನ್ನುವುದು ಅರ್ಧ ನಿಜ. 2009ರ ಲೋಕಸಭಾ ಚುನಾವಣೆಯ ನಂತರ ಪತ್ರಿಕಾ ಮಂಡಳಿಯ ಉಪಸಮಿತಿ ಕಾಸಿಗಾಗಿ ಸುದ್ದಿಯ ಬಗ್ಗೆ ಹೆಸರು ಸಮೇತ ವರದಿ ಕೊಟ್ಟಾಗ, ಮಂಡಳಿಯೇ ಮೊದಲು ಚುಟುಕು ಮಾಡಿ ಹೊರಬಿಟ್ಟಿತ್ತು. ಪೂರ್ತಿ ವರದಿ ಮಾಹಿತಿ ಆಯೋಗದ ಆದೇಶದ ಮೇಲೆ 2011ರಲ್ಲಿ ಬಂತು. ಅದೇ ವರ್ಷ ಉತ್ತರ ಪ್ರದೇಶದ ಬಿಸೌಲಿಯ ಶಾಸಕಿಯೊಬ್ಬರು ಎರಡು ಹಿಂದಿ ಪತ್ರಿಕೆಗಳಲ್ಲಿ ಬಂದ ಇಂಥ ಸುದ್ದಿಯ ಖರ್ಚು ತೋರಿಸದ್ದಕ್ಕೆ ಅನರ್ಹರಾದರು. ಈಗ ವಿಧಾನಸಭಾ, ಲೋಕಸಭಾ ಚುನಾವಣೆಯಲ್ಲಿ ಪ್ರತಿ ಜಿಲ್ಲೆಗೂ ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿ ಇರುತ್ತದೆ. ಅದು ಹಿಡಿಯುವ ಗುರುತುಗಳು ಸರಳ: ಅದೇ ಪಠ್ಯ ಎರಡು ಪತ್ರಿಕೆಯಲ್ಲಿ ಬೇರೆ ಬೇರೆ ವರದಿಗಾರರ ಹೆಸರಲ್ಲಿ ಬರುವುದು, ಒಂದೇ ಪುಟದಲ್ಲಿ ಎದುರಾಳಿಗಳಿಬ್ಬರೂ ಗೆಲ್ಲುತ್ತಾರೆ ಎಂದು ಬರೆಯುವುದು. ಸಿಕ್ಕಿದರೆ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ. ಶಾಸಕ ಸ್ಥಾನದ ಮಿತಿ ₹40 ಲಕ್ಷ.

ಆದರೆ ನಿಮಗೆ ಬಂದ ಆಮಿಷ ಚುನಾವಣೆ ಇಲ್ಲದ ಕಾಲದ್ದು, ಆ ಸಮಿತಿಯ ಕಣ್ಣು ಅದರ ಮೇಲಿಲ್ಲ. ಕಾನೂನಿನ ಭಯ ತೋರಿಸಿ ನಿಮ್ಮನ್ನು ತಡೆಯುವುದು ಪ್ರಾಮಾಣಿಕ ಅಲ್ಲ. ಲೆಕ್ಕವನ್ನೇ ನೋಡಿ. 20,000 ತೆಗೆದುಕೊಂಡರೆ ಆದಾಯ 53,000, ಆಗಲೂ 11,000 ಕೊರತೆ. ಉಳಿದದ್ದಕ್ಕೆ ನಿಂತ ಜಾಹೀರಾತು ‘ಬಿಡಿಸಿಕೊಡಿ’ ಎಂದು ಅದೇ ಜಗಲಿಗೆ ಹೋಗುತ್ತೀರಿ. ಹಣ ನಗದಾಗಿ ಬಂದರೆ ಬಿಲ್ಲಿಲ್ಲ, ಕೊಟ್ಟವರ ಬಳಿ ಮಾತ್ರ ಸಾಕ್ಷಿ. ಮೊಂಟೆಸಿನೋಸ್ ರುಜು ಹಾಕಿಸಿಕೊಳ್ಳುತ್ತಿದ್ದದ್ದು ಸುಮ್ಮನಲ್ಲ. ಮುಂದೊಮ್ಮೆ ನೀವು ತಿರುಗಿ ಬಿದ್ದರೆ ಅದೇ 20,000ವನ್ನು ‘ಬೆದರಿಸಿ ಪಡೆದ’ ಎನ್ನಲು ತಡವಿಲ್ಲ.

ಹಾಗೆಂದು ಮುಖಂಡರ ಹಣವೇ ಅಸ್ಪೃಶ್ಯ ಎನ್ನುವವನು ನಾನಲ್ಲ. ಅವರಿಗೆ ಹೇಳಬೇಕಾದ್ದಿದ್ದರೆ ಕಾಲು ಪುಟ ಕೊಳ್ಳಲಿ, ಮೇಲೆ ‘ಜಾಹೀರಾತು’ ಎಂದು ಕಾಣುವ ಅಕ್ಷರದಲ್ಲಿ ಅಚ್ಚಾಗಲಿ, ಎದುರು ಪಕ್ಷದವರಿಗೂ ಅದೇ ದರ ಇರಲಿ. ಆಪ್ತರಿಗೆ ಫೋನಿನಲ್ಲಿ ಬೇಡ, ವಾಟ್ಸ್‌ಆ್ಯಪಿನಲ್ಲಿ ಒಂದು ಸಾಲು ಕಳಿಸಿ: ‘ಸುದ್ದಿಗೆ ಹಣ ಪಡೆಯುವುದಿಲ್ಲ, ಜಾಹೀರಾತು ದರಪಟ್ಟಿ ಲಗತ್ತಿಸಿದೆ.’ ನಿರಾಕರಿಸಿದ್ದಕ್ಕೂ ದಾಖಲೆ ಇರಬೇಕು.

ಹಾಗಾದರೆ ಪತ್ರಿಕೆ ಉಳಿಯುವುದು ಹೇಗೆ?

ನಿಮ್ಮ ಹಾಳೆಯಲ್ಲಿ ಯಾರ ಫೋನಿಗೂ ನಿಲ್ಲದ ಹಣ ಎರಡೇ ಸಾಲಿನಲ್ಲಿದೆ: ಶ್ರದ್ಧಾಂಜಲಿ, ಮದುವೆಯಂಥ ಮನೆ ಪ್ರಕಟಣೆಗಳು ಮತ್ತು ಚಂದಾ. ಪೇಟೆಯವರು ಕೊಡಗಿನ ಪತ್ರಿಕೆಗಳ ಶ್ರದ್ಧಾಂಜಲಿ ಪುಟ ನೋಡಿ ನಗಬಹುದು. ನನ್ನ ಲೆಕ್ಕದಲ್ಲಿ ಈ ಜಿಲ್ಲೆಯ ಪತ್ರಿಕಾ ಸ್ವಾತಂತ್ರ್ಯದ ದೊಡ್ಡ ಪಾಲು ಆ ಪುಟದ ಮೇಲೆ ನಿಂತಿದೆ. ಬೆಂಗಳೂರು, ಮೈಸೂರಿನಲ್ಲಿರುವವರು, ಸೈನ್ಯದಲ್ಲಿರುವವರು ಊರಿನಲ್ಲಿ ಯಾರು ತೀರಿಕೊಂಡರು, ಯಾವ ಐನ್‌ಮನೆಯಲ್ಲಿ (ಕುಲದ ಮೂಲಮನೆಯಲ್ಲಿ) ಏನು ನಡೆಯಿತು ಎಂದು ತಿಳಿಯಲು ಕಾಸು ಕೊಡುತ್ತಾರೆ. ಅವರಿಗೆ ಪಿಡಿಎಫ್ ಚಂದಾ ಮಾಡಿ. ವರ್ಷಕ್ಕೆ ₹600ರಂತೆ 600 ಮಂದಿ ಆದರೆ ತಿಂಗಳಿಗೆ 30,000. ಅಚ್ಚಿನ ಖರ್ಚು ಇಲ್ಲ, ಅಂಚೆಯೂ ಇಲ್ಲ. ಅದು ಕೂಡುವ ತನಕ ಪುಟ ನಾಲ್ಕಕ್ಕೆ ಇಳಿಸಿ, ಪ್ರತಿ ಇಳಿಸಿ, ಆದರೆ ವಾರ ತಪ್ಪಿಸಬೇಡಿ. ನಿರಂತರವಾಗಿ ಪ್ರಕಟಿಸದಿರುವುದೂ ನೋಂದಣಿ ಅಮಾನತಿಗೆ ಕಾರಣವಾಗಬಹುದು. ಮೈಸೂರಿನಲ್ಲೇ ಇನ್ನೊಂದು ಮುದ್ರಣಾಲಯ ಮಾತಾಡಿಟ್ಟುಕೊಳ್ಳಿ. ಮೊದಲಿನವರಿಗೂ ಫೋನ್ ಹೋಗಬಹುದು.

600 ಚಂದಾದಾರರು ಆರು ತಿಂಗಳಲ್ಲಿ ಆಗುವುದಿಲ್ಲ. ಒಂದೂವರೆ ವರ್ಷ ಹಿಡಿದೀತು, ಆಗದೆಯೂ ಇರಬಹುದು. ಆಗ ಪತ್ರಿಕೆ ನಿಲ್ಲಿಸಿ ಚಾನೆಲ್ ಮಾತ್ರ ನಡೆಸುವುದು ಸೋಲಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಓದುಗನೂ ಒಬ್ಬ ಯಜಮಾನನೇ. 2015ರ ನವೆಂಬರ್‌ನಲ್ಲಿ ಟಿಪ್ಪು ಜಯಂತಿಯ ಹೊತ್ತಿಗೆ ಮಡಿಕೇರಿಯಲ್ಲಿ ಗಲಭೆಯಾಯಿತಲ್ಲ, ಅಂಥ ದಿನಗಳಲ್ಲಿ ನಮ್ಮವರ ಪರ ಬರೆಯಲಿಲ್ಲ ಎಂದು ಚಂದಾ ನಿಲ್ಲಿಸುವವರು ಎಲ್ಲ ಸಮುದಾಯದಲ್ಲೂ ಇದ್ದಾರೆ. ವ್ಯತ್ಯಾಸ ಇಷ್ಟೇ: 600 ಜನ ಒಂದೇ ಜಗಲಿಯಲ್ಲಿ ಕೂರುವುದಿಲ್ಲ.

ಈಗ ತುರ್ತಾಗಿ ಮಾಡಬೇಕಾದ್ದು ದಿನಾಂಕದ ಕೆಲಸ. ಜಾಹೀರಾತು ನಿಂತದ್ದು ಜುಲೈ ಮೊದಲ ವಾರ, ಪತ್ರಿಕಾ ಮಂಡಳಿಯ ನಾಲ್ಕು ತಿಂಗಳು ನವೆಂಬರ್ ಮೊದಲ ವಾರಕ್ಕೆ ಮುಗಿಯುತ್ತದೆ. ಮಾಹಿತಿ ಹಕ್ಕಿನ ಉತ್ತರಕ್ಕೆ 30 ದಿನ ಬೇಕು. ಅಂದರೆ ಎರಡೂ ಅರ್ಜಿ ಈ ವಾರವೇ ಹೋಗಬೇಕು. ಕೇವಿಯಟ್ ಅದಕ್ಕೂ ಮೊದಲು.